ಕಾಣದ ಕಡೆಗೆ ಹಾಕಿದ ದುಡ್ಡು

ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರ್ ಜೋಡಿಸಲು ಹೊರಟವರು ಮೊದಲು ಕತ್ತರಿ ಹಾಕುವುದು ಎಸ್‌ಎಂಪಿಎಸ್‌ಗೆ. ಕ್ಯಾಬಿನೆಟ್ಟಿನ ಮೂಲೆಯಲ್ಲಿ ಕೂರುವ ತಗಡಿನ ಡಬ್ಬಿ ಅದು. ಅದಕ್ಕೊಂದು ಫ್ಯಾನು, ಒಂದು ಸ್ವಿಚ್ಚು, ಒಂದು ಹೊರೆ ತಂತಿ. ಅದರಿಂದ ಕಂಪ್ಯೂಟರಿನ ವೇಗ ಹೆಚ್ಚುವುದಿಲ್ಲ, ಪರದೆಯ ಮೇಲೆ ಬಣ್ಣ ಕೂಡುವುದಿಲ್ಲ, ಮನೆಗೆ ಬಂದವರಿಗೆ ಕರೆದು ತೋರಿಸುವಂಥದ್ದೂ ಅಲ್ಲ. ಎರಡು ಸಾವಿರಕ್ಕೆ ಸಿಗುವ ಕ್ಯಾಬಿನೆಟ್ ಜೊತೆಗೆ ಬಿಟ್ಟಿಯಾಗಿಯೇ ಒಂದು ಬರುತ್ತದೆ. ಅದರ ಮೈಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದೂ ಇರುತ್ತದೆ. ಹಾಗಿದ್ದ ಮೇಲೆ ಅದೇ 450 ವ್ಯಾಟ್‌ಗೆ ಬೇರೆಯಾಗಿ ಮೂರೂವರೆ ಸಾವಿರ ಯಾಕೆ ಸುರಿಯಬೇಕು? ಮಗಳು ಈ ಪ್ರಶ್ನೆ ಎತ್ತಿದಳು. ಇಬ್ಬರೂ ಕೂತು ಉತ್ತರ ಹುಡುಕಿದೆವು. ನಮ್ಮ ಮನೆಯ ಮೊದಲ ಡೆಸ್ಕ್‌ಟಾಪ್ ಆ ಉತ್ತರದ ಸುತ್ತಲೇ ಬೆಳೆಯಿತು.

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಸುಟ್ಟುಹೋದ ಪಂಪ್‌ಸೆಟ್ ಮೋಟರನ್ನು ವೈಂಡಿಂಗ್ ಮಾಡಿಸಲು ಪೇಟೆಗೆ ಹೊತ್ತೊಯ್ಯುವವರನ್ನು ನೋಡುತ್ತಲೇ ಬೆಳೆದವನು ನಾನು. ಗೋಡೆಯ ಸಾಕೆಟ್ಟಿನಲ್ಲಿ 230 ವೋಲ್ಟ್ ಇರಬೇಕು ಎಂಬುದು ಪುಸ್ತಕದ ಮಾತು. ಬೇಸಿಗೆಯಲ್ಲಿ ತೋಟಗಳಿಗೆ ತ್ರೀ ಫೇಸ್ ಕೊಟ್ಟ ಹೊತ್ತಿಗೆ ಮನೆಯ ಬಲ್ಬು ಕೆಂಪಗಾಗುವುದು, ಮೋಟರುಗಳೆಲ್ಲ ನಿಂತ ಕೂಡಲೇ ಫ್ಯಾನು ದಡದಡನೆ ತಿರುಗುವುದು ನಮ್ಮ ಕಡೆಯ ಯಾರಿಗೂ ಹೊಸದಲ್ಲ. ಈ ಏರಿಳಿತವನ್ನೆಲ್ಲ ಒಳಗೆ ತೆಗೆದುಕೊಂಡು, ಆ ಕಡೆಯಿಂದ 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್‌ಗಳ ಸಮವಾದ ಡಿಸಿ ಕರೆಂಟನ್ನು ಕೊಡುವುದು ಎಸ್‌ಎಂಪಿಎಸ್ ಕೆಲಸ. ಪ್ರೊಸೆಸರ್‌ಗೆ ಬೇಕಾಗುವುದು ಇನ್ನೂ ಕಡಿಮೆ, ಹೆಚ್ಚುಕಡಿಮೆ ಒಂದು ವೋಲ್ಟ್. 12ನ್ನು ಅಲ್ಲಿಗೆ ಇಳಿಸುವ ಹೊಣೆ ಮದರ್‌ಬೋರ್ಡಿನದು. ಇಷ್ಟು ನಾಜೂಕಿನ ವ್ಯವಹಾರದ ಬಾಗಿಲಲ್ಲಿ ನಿಂತಿರುವ ಡಬ್ಬಿಯನ್ನು ಬಿಟ್ಟಿ ಸಾಮಾನಿನ ಲೆಕ್ಕಕ್ಕೆ ಸೇರಿಸುವುದು ನನಗೆ ಸರಿ ಕಾಣಲಿಲ್ಲ. ಒಳ್ಳೆಯ ಎಸ್‌ಎಂಪಿಎಸ್ ವೋಲ್ಟೇಜ್ ಮಿತಿ ಮೀರಿದರೆ, ಎಲ್ಲಾದರೂ ಶಾರ್ಟ್ ಆದರೆ ತಾನೇ ಕೆಲಸ ನಿಲ್ಲಿಸುತ್ತದೆ. ಅಗ್ಗದ್ದರಲ್ಲಿ ಈ ಕಾವಲು ಎಷ್ಟಿದೆ ಎಂದು ಹೊರಗಿನಿಂದ ಹೇಳಲಾಗದು. ಅದು ಸಾಯುವಾಗ ಒಂಟಿಯಾಗಿ ಸಾಯುತ್ತದೆ ಎಂಬ ಭರವಸೆಯೂ ಇಲ್ಲ, ಜೊತೆಗೆ ಬೋರ್ಡನ್ನೋ ಡಿಸ್ಕನ್ನೋ ಕರೆದುಕೊಂಡು ಹೋಗಬಹುದು.

ಡಿಸ್ಕ್ ಹೋದರೆ ನಮಗೆ ಹೋಗುವುದು ಏನೆಂದು ಹೇಳಬೇಕು. ನನ್ನ ಅವ್ವ ಸೋಬಾನೆ ಪದ ಹೇಳುವವಳು. ಮದುವೆಮನೆಯಲ್ಲಿ ಅರಿಶಿನ ಹಚ್ಚುವಾಗ, ಆರತಿ ಎತ್ತುವಾಗ, ಹೆಣ್ಣು ಒಪ್ಪಿಸುವಾಗ ಅವಳು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಈಗ ಮದುವೆಗಳು ಛತ್ರಕ್ಕೆ ಹೋಗಿವೆ. ಅಲ್ಲಿ ಸ್ಪೀಕರ್ ಹಾಕುತ್ತಾರೆ, ಸೊಲ್ಲು ಹಿಡಿಯುವವರೂ ಇಲ್ಲ. ಪದಗಳು ಅವ್ವನ ಬಾಯಲ್ಲೇ ಉಳಿದಿವೆ, ಅವಳಿಗೆ ಎಂಬತ್ತು ದಾಟಿದೆ. ಮಗಳು ಬಿ.ಎಸ್‌ಸಿ. ಓದುವಾಗ ಅಜ್ಜಿಯ ಪದಗಳನ್ನು ಮೊಬೈಲಿನಲ್ಲಿ ಹಿಡಿಯಲು ಶುರುಮಾಡಿದಳು. ಕರುವಿನ ಕೂಗು, ಮಿಕ್ಸಿಯ ಸದ್ದು, ಬೀದಿಯಲ್ಲಿ ಹೋದ ಟ್ರ್ಯಾಕ್ಟರ್ ಎಲ್ಲವೂ ಪದದ ಜೊತೆ ಸೇರಿಕೊಂಡವು. ಫೋನಿನ ಜಾಗ ತುಂಬಿತು. ಸಣ್ಣ ಪರದೆಯ ಮೇಲೆ ಕತ್ತರಿಸಿ ಜೋಡಿಸುವ ಕೆಲಸ ಅವಳ ಕಣ್ಣಿಗೂ ಭಾರವಾಯಿತು. "ಅಪ್ಪಾ, ಇದಕ್ಕೆ ಒಂದು ಸಿಸ್ಟಮ್ ಬೇಕು" ಎಂದಳು. ಹೀಗೆ ಬಂದದ್ದು ಕಂಪ್ಯೂಟರಿನ ಮಾತು. ಕೈಯಲ್ಲಿ ಇದ್ದದ್ದು 35 ಸಾವಿರ ರೂಪಾಯಿ. ಅದು 2023ರ ವರ್ಷ.

ಏನು ಕೊಳ್ಳಬೇಕು ಎಂಬುದಕ್ಕಿಂತ ಮೊದಲು ಏನು ಮಾಡಬೇಕು ಎಂದು ಗೊತ್ತಿದ್ದುದು ನಮ್ಮ ದೊಡ್ಡ ಅನುಕೂಲ. ಬಜೆಟ್ ಅಷ್ಟೇ ಎಂದು ಹೊರಟಿದ್ದರೆ ಆಟ ಆಡುವವರು ಹೇಳುವ ಗ್ರಾಫಿಕ್ ಕಾರ್ಡಿನ ಮಾತಿಗೆ ನಾವೂ ಮರುಳಾಗುತ್ತಿದ್ದೆವೋ ಏನೋ. ಧ್ವನಿಯ ಕೆಲಸಕ್ಕೆ ಗ್ರಾಫಿಕ್ ಕಾರ್ಡ್ ಬೇಕಿಲ್ಲ. ಬೇಕಾದ್ದು ಸಾಕಷ್ಟು ರ‍್ಯಾಮ್, ಬೇಗ ಓದಿ ಬರೆಯುವ ಡಿಸ್ಕ್, ಗಲಾಟೆ ಮಾಡದ ಫ್ಯಾನು. ಒಂದೇ ಮೈಕಿನಿಂದ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಹಿಡಿದ ಧ್ವನಿ ಸೆಕೆಂಡಿಗೆ 1,44,000 ಬೈಟ್ ತಿನ್ನುತ್ತದೆ; ಒಂದು ಗಂಟೆಗೆ 518 ಎಂಬಿ. ಅವ್ವ ಒಂದು ಮಧ್ಯಾಹ್ನ ಲಹರಿಗೆ ಬಂದಳೆಂದರೆ ಒಂದು ಜಿಬಿ ದಾಟಿಸುತ್ತಾಳೆ. ಮಗಳು ಈ ಗುಣಾಕಾರವನ್ನು ಕಾಗದದ ಮೇಲೆ ಮಾಡಿ, 500 ಜಿಬಿ ಡಿಸ್ಕ್ ಸದ್ಯಕ್ಕೆ ಸಾಕು, ಮುಂದೆ ಇನ್ನೊಂದು ಸೇರಿಸಲು ಜಾಗ ಇರಲಿ ಎಂದು ಬರೆದಿಟ್ಟಳು. 'ಮುಂದೆ ಸೇರಿಸಲು ಜಾಗ ಇರಲಿ' ಎಂಬುದು ಆಮೇಲೆ ಪಟ್ಟಿಯ ಪ್ರತಿ ಸಾಲಿಗೂ ಬಂದು ಕೂತಿತು.

ಲ್ಯಾಪ್‌ಟಾಪ್ ಬೇಡವೆಂದದ್ದು ಇದೇ ಕಾರಣಕ್ಕೆ. ಆ ದುಡ್ಡಿಗೆ ಸಿಗುವ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ನಡುವೆ ಇನ್ನೊಂದು ದಾರಿಯೂ ಇತ್ತು, ಅದನ್ನು ನಾವು ಹಗುರವಾಗಿ ತಳ್ಳಿಹಾಕಲಿಲ್ಲ. ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಡೆಸ್ಕ್‌ಟಾಪ್‌ಗಳು ಬೆಂಗಳೂರಿನಲ್ಲಿ ಅರ್ಧ ಬೆಲೆಗಿಂತ ಕಡಿಮೆಗೆ ಸಿಗುತ್ತವೆ. ಹದಿನೈದು ಸಾವಿರ ಮಾತ್ರ ಇರುವವರಿಗೆ ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ದೊಡ್ಡ ಬ್ರ್ಯಾಂಡಿನ ಆಫೀಸ್ ಪೆಟ್ಟಿಗೆಗಳಲ್ಲಿ ಎಸ್‌ಎಂಪಿಎಸ್‌ನ ಆಕಾರ, ಅದರ ಪಿನ್ನು, ಬೋರ್ಡಿನ ಅಳತೆ ಬಹಳ ಸಲ ಆ ಬ್ರ್ಯಾಂಡಿನದೇ ಆಗಿರುತ್ತದೆ. ಒಂದು ಕೆಟ್ಟರೆ ಅದೇ ಜಾತಿಯ ಇನ್ನೊಂದನ್ನು ಹುಡುಕಬೇಕು. ನಮಗೆ ಹತ್ತು ವರ್ಷ ನಡೆಯುವ, ಒಂದೊಂದೇ ಭಾಗ ಬದಲಾಗುತ್ತ ಹೋಗುವ ಯಂತ್ರ ಬೇಕಿತ್ತು.

ಬೆಂಗಳೂರಿನ ಎಸ್‌ಪಿ ರೋಡ್, ಅಂದರೆ ಸದರ್ ಪತ್ರಪ್ಪ ರಸ್ತೆ, ಇಂಥ ಯಂತ್ರದ ತವರು. ಮೆಜೆಸ್ಟಿಕ್‌ನಲ್ಲಿ ಹಸಿರು ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲೋ ಮಾರ್ಕೆಟ್ಟಿನಲ್ಲೋ ಇಳಿದು ನಡೆಯಬಹುದು. ರಸ್ತೆ ಅಗಲವಿಲ್ಲ, ನಡುವೆ ಸಾಮಾನಿನ ಆಟೋಗಳು, ತಲೆಯ ಮೇಲೆ ಮಾನಿಟರ್ ಪೆಟ್ಟಿಗೆ ಹೊತ್ತವರು. ಒಂದು ಅಂಗಡಿಯಲ್ಲಿ ಬರೀ ತಂತಿ, ಇನ್ನೊಂದರಲ್ಲಿ ಸಿಸಿಟಿವಿ ಕ್ಯಾಮೆರಾ, ಮತ್ತೊಂದರಲ್ಲಿ ಸಾಸಿವೆಯಷ್ಟು ದೊಡ್ಡ ರೆಸಿಸ್ಟರುಗಳನ್ನು ಪ್ಯಾಕೆಟ್ ಲೆಕ್ಕದಲ್ಲಿ ಕೊಡುತ್ತಾರೆ. ಮೆಟ್ಟಿಲು ಹತ್ತಿ ಒಳಗೆ ಹೋದರೆ ಇಬ್ಬರು ಎದುರುಬದುರಾಗಿ ದಾಟಲಾಗದ ಓಣಿಗಳು, ಅವುಗಳ ಎರಡೂ ಕಡೆ ಗಾಜಿನ ಕಪಾಟು. ಕನ್ನಡ, ಹಿಂದಿ, ಉರ್ದು, ತಮಿಳು, ತೆಲುಗು, ಮಾರ್ವಾಡಿ ಎಲ್ಲ ಒಂದೇ ಕೌಂಟರಿನಲ್ಲಿ ಓಡಾಡುತ್ತವೆ. ನನಗೆ ಆ ರಸ್ತೆಯ ಮೇಲೆ ಗೌರವ. ದೊಡ್ಡ ಮಳಿಗೆಗಳಲ್ಲಿ ಮುಚ್ಚಿದ ಪೆಟ್ಟಿಗೆ ಮಾರುತ್ತಾರೆ. ಇಲ್ಲಿ ಕೌಂಟರಿನ ಹಿಂದಿರುವ ಇಪ್ಪತ್ತರ ಹುಡುಗನಿಗೆ ಯಾವ ಬೋರ್ಡಿಗೆ ಯಾವ ಪ್ರೊಸೆಸರ್ ಕೂರುತ್ತದೆ ಎಂಬುದು ಬಾಯಿಪಾಠ. ಅವನು ಅದನ್ನು ಯಾವ ಕಾಲೇಜಿನಲ್ಲೂ ಕಲಿತಿರಲಾರ. ಕೈಯಿಂದ ದಿನವೂ ಹಾದುಹೋಗುವ ಸಾಮಾನೇ ಅವನಿಗೆ ಕಲಿಸಿದೆ.

"ಬನ್ನಿ ಸರ್, ಏನ್ ನೋಡ್ತಿದೀರಾ? ಫುಲ್ ಸಿಸ್ಟಮ್ಮಾ?"

ಮಗಳು ಪಟ್ಟಿ ಕೊಟ್ಟಳು. ಹುಡುಗ ಒಂದೊಂದೇ ಸಾಲಿಗೆ ರೇಟು ಬರೆಯುತ್ತ ಬಂದು ಎಸ್‌ಎಂಪಿಎಸ್ ಹತ್ತಿರ ನಿಂತ. "ಮೇಡಂ, ಗ್ರಾಫಿಕ್ ಕಾರ್ಡೇ ಹಾಕ್ತಿಲ್ವಲ್ಲ, ಬ್ರಾಂಜ್ ಯಾಕೆ? ಕ್ಯಾಬಿನೆಟ್ ಜೊತೆ ಬರೋದೇ ಸಾಕಾಗುತ್ತೆ."

"ಇಲ್ಲ ಅಣ್ಣ, ಅದೊಂದು ಬಿಡಲ್ಲ. ಬೇಕಾದ್ರೆ ಕ್ಯಾಬಿನೆಟ್ ಕಮ್ಮಿದು ಹಾಕಿ. ಲೈಟ್ ಗೀಟ್ ಏನೂ ಬೇಡ, ಗಾಳಿ ಆಡಿದ್ರೆ ಸಾಕು."

ಅವನು ಅವಳ ಮುಖ ನೋಡಿ ಪೆನ್ನು ಕೆಳಗಿಟ್ಟ. "ಸರಿಯಾಗಿ ಹೇಳಿದ್ರಿ. ಸಮ್ಮರಲ್ಲಿ ವಾಪಸ್ ಬರೋದೆಲ್ಲ ಆ ಫ್ರೀ ಪೀಸ್‌ಗಳೇ. ನಾವ್ ಹೇಳಿದ್ರೆ ಕಸ್ಟಮರ್ ಕೇಳಲ್ಲ, ರೇಟ್ ಜಾಸ್ತಿ ಅಂತಾರೆ." ಅಲ್ಲಿಂದ ಮುಂದೆ ಅವನು ಮಾರುವವನ ಹಾಗೆ ಮಾತಾಡಲಿಲ್ಲ, ನಮ್ಮ ಜೊತೆ ಸೇರಿ ಲೆಕ್ಕ ಹಾಕಿದ.

ಬ್ರಾಂಜ್ ಅಂದರೆ 80 ಪ್ಲಸ್ ಎಂಬ ಪ್ರಮಾಣಪತ್ರದ ಒಂದು ದರ್ಜೆ. ಅರ್ಧ ಹೊರೆಯಲ್ಲಿ ಓಡುವಾಗ ಗೋಡೆಯಿಂದ ಎಳೆದ ಕರೆಂಟಿನಲ್ಲಿ ಕನಿಷ್ಠ ಶೇಕಡಾ 85ರಷ್ಟನ್ನು ಒಳಗಿನ ಭಾಗಗಳಿಗೆ ಮುಟ್ಟಿಸಬೇಕು. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಕಡಿಮೆ ಬಿಸಿ ಎಂದರೆ ಫ್ಯಾನು ನಿಧಾನ, ಫ್ಯಾನು ನಿಧಾನ ಎಂದರೆ ಮೈಕಿಗೆ ಸದ್ದು ಕಡಿಮೆ. ಅವ್ವನ ಪದಕ್ಕೂ ಆ ತಗಡಿನ ಡಬ್ಬಿಗೂ ಇದ್ದ ನಂಟು ಇಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಪ್ರೊಸೆಸರ್ ರೈಜನ್ 5 5600ಜಿ. ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ಚಿತ್ರ ತೋರಿಸುವ ಶಕ್ತಿ, ಜೊತೆಗೆ ಪೆಟ್ಟಿಗೆಯಲ್ಲೇ ಒಂದು ಕೂಲರ್. ಹನ್ನೊಂದು ಸಾವಿರದ ಮೇಲೆ ಸ್ವಲ್ಪ ಆಯಿತು, ನಮ್ಮ ಪಟ್ಟಿಯ ಅತಿ ದೊಡ್ಡ ಖರ್ಚು ಅದೇ. ಅದು 2021ರ ಮಾಲು. ಹೊಸದು ಬಂದ ಮೇಲೆ ಇಳಿದ ಬೆಲೆ ನಮ್ಮಂಥವರಿಗೆ ಒದಗುತ್ತದೆ. ಅದು ಕೂರುವ ಎಎಂ4 ಸಾಕೆಟ್ ರೈಜನ್ ಜೊತೆಯಲ್ಲೇ 2017ರಲ್ಲಿ ಅಂಗಡಿಗೆ ಬಂದದ್ದು, ಆಮೇಲೆ ಬಂದ ಎಷ್ಟೋ ಪ್ರೊಸೆಸರುಗಳನ್ನು ಅದೇ ಕುಳಿಯಲ್ಲಿ ಕೂರಿಸಿಕೊಂಡಿದೆ. ಬೋರ್ಡ್ ಬಿ450 ಜಾತಿಯದು. ಅದು 5600ಜಿಗಿಂತ ಹಳೆಯದಾದ್ದರಿಂದ ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸುವ ಬೋರ್ಡಿನ ತಂತ್ರಾಂಶ, ಹೊಸದಾಗಿರಬೇಕು, ಇಲ್ಲವಾದರೆ ಪ್ರೊಸೆಸರಿನ ಗುರುತೇ ಅದಕ್ಕೆ ಸಿಗುವುದಿಲ್ಲ. ಪೆಟ್ಟಿಗೆಯ ಮೇಲೆ ರೈಜನ್ 5000ಕ್ಕೆ ಸಿದ್ಧ ಎಂಬ ಸ್ಟಿಕ್ಕರ್ ಇದೆಯೇ ಎಂದು ಮಗಳು ತಿರುಗಿಸಿ ನೋಡಿ ತೆಗೆದುಕೊಂಡಳು. ಎರಡೇ ರ‍್ಯಾಮ್ ಸ್ಲಾಟ್ ಇರುವ ಬೋರ್ಡ್ ಸಾವಿರ ರೂಪಾಯಿ ಕಡಿಮೆಗೆ ಇತ್ತು. ನಾವು ನಾಲ್ಕು ಸ್ಲಾಟಿನದಕ್ಕೇ ಹೋದೆವು. ಖಾಲಿ ಇರುವ ಸ್ಲಾಟಿಗೆ ದುಡ್ಡು ಕೊಡುವುದು ಆ ಹೊತ್ತಿಗೆ ದಂಡ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ.

ಉಳಿಸಿದ್ದು ಕಣ್ಣಿಗೆ ಕಾಣುವ ಕಡೆ. ಮಾನಿಟರ್ ಬಳಸಿದ್ದು, ನಾಲ್ಕು ಸಾವಿರಕ್ಕೆ. ಅಂಗಡಿಯಲ್ಲೇ ಹಚ್ಚಿಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣ ತುಂಬಿಸಿ ಸತ್ತ ಚುಕ್ಕಿ ಇದೆಯೇ ಎಂದು ಮೂಲೆಮೂಲೆ ನೋಡಿ ತಂದೆವು. ಮಾನಿಟರ್ ಹಳೆಯದಾದರೆ ಮಂಕಾಗುತ್ತದೆ, ಅಷ್ಟೇ. ಹಳೆಯ ಎಸ್‌ಎಂಪಿಎಸ್, ಹಳೆಯ ಡಿಸ್ಕ್ ಮಾತ್ರ ಯಾರು ಬಿಟ್ಟಿ ಕೊಟ್ಟರೂ ಬೇಡ. ಕೀಬೋರ್ಡ್, ಮೌಸ್ ಸಾದಾ. ಎಲ್ಲವಕ್ಕೂ ಜಿಎಸ್‌ಟಿ ಬಿಲ್ಲೇ ಹಾಕಿಸಿದೆವು, ಒಂದೊಂದರ ಸೀರಿಯಲ್ ನಂಬರ್ ಬರೆಸಿ. ಬಿಲ್ಲಿಲ್ಲದೆ ಕೊಂಡರೆ ಉಳಿಯುವ ದುಡ್ಡು ವಾರಂಟಿಯ ಬಾಗಿಲು ತಟ್ಟುವ ದಿನ ಹೋಗಿಬಿಡುತ್ತದೆ. ಪ್ರೊಸೆಸರ್‌ಗೇ ಮೂರು ವರ್ಷದ ವಾರಂಟಿ ಇರುವಾಗ ಅದನ್ನು ಕಳೆದುಕೊಳ್ಳುವುದು ಯಾತಕ್ಕೆ? ಕೆಲವು ನೂರು ಕೊಟ್ಟರೆ ಅಂಗಡಿಯಲ್ಲೇ ಜೋಡಿಸಿ ಕೊಡುತ್ತಿದ್ದರು. ಮಗಳು ಬೇಡವೆಂದಳು. ಪೆಟ್ಟಿಗೆಗಳನ್ನು ಎರಡು ಚೀಲಕ್ಕೆ ತುಂಬಿ ತುಮಕೂರಿನ ರೈಲು ಹತ್ತಿದೆವು.

ಆದರೆ ಪೆಟ್ಟಿಗೆ ಬಿಚ್ಚುವ ಮೊದಲು ಮನೆಗೆ ಎಲೆಕ್ಟ್ರಿಷಿಯನ್ ಬಂದ. ಇದನ್ನು ನಾನು ಬೇಕೆಂದೇ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕಂಪ್ಯೂಟರಿನ ಯಾವ ಪಟ್ಟಿಯಲ್ಲೂ ಇದು ಇರುವುದಿಲ್ಲ. ನಮ್ಮದು ಹಳೆಯ ಮನೆ. ಮೂರು ಕಣ್ಣಿನ ಸಾಕೆಟ್ ಇದೆ, ಮೂರನೆಯ ಕಣ್ಣಿನ ಹಿಂದೆ ತಂತಿಯೇ ಇರಲಿಲ್ಲ. ಇಂಥ ಮನೆಗಳಲ್ಲಿ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು ಅನೇಕರಿಗೆ ಗೊತ್ತು. ಅದಕ್ಕೆ ಕಾರಣ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್. ಕರೆಂಟಿನ ಕೊಳೆಯನ್ನು ಭೂಮಿಗೆ ಹರಿಸಲೆಂದು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಒಂದೊಂದು ಸಣ್ಣ ಕೆಪಾಸಿಟರ್ ಅದರ ಲೋಹದ ಮೈಗೆ ಸೇರಿರುತ್ತದೆ. ಭೂಮಿಗೆ ದಾರಿಯೇ ಇಲ್ಲದಿದ್ದರೆ ಆ ಮೈ ಎರಡರ ನಡುವೆ, ಹತ್ತಿರ ಹತ್ತಿರ 115 ವೋಲ್ಟ್‌ನಲ್ಲಿ, ತೂಗಿ ನಿಲ್ಲುತ್ತದೆ. ಹರಿಯುವ ಕರೆಂಟು ಬಹಳ ಸಣ್ಣದಾದ್ದರಿಂದ ಬರೀ ಜುಮ್ಮೆನ್ನುತ್ತದೆ. ಯಂತ್ರದ ಒಳಗೆ ಏನಾದರೂ ಕೆಟ್ಟು ಫೇಸ್ ತಂತಿಯೇ ಮೈಗೆ ತಗುಲಿದರೆ ಮಾತ್ರ ಅದು ಜೀವದ ಪ್ರಶ್ನೆ. ಧ್ವನಿಯ ಕೆಲಸಕ್ಕೂ ಇದು ಶತ್ರು: ಅರ್ಥಿಂಗ್ ಸರಿಯಿಲ್ಲದ ಕಡೆ ಮೈಕಿನ ದಾರಿಯಲ್ಲಿ 50 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆ ಸೇರಿಕೊಳ್ಳಬಹುದು, ಅದರ ಜೊತೆ 100, 150ರ ಮರಿಗಳೂ. ಹಿತ್ತಲಲ್ಲಿ ಗುಂಡಿ ತೋಡಿಸಿ, ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿಸಿ, ನೀರು ಹಾಕಿ, ಅಲ್ಲಿಂದ ಹಸಿರು ತಂತಿ ಎಳೆಸಿದೆವು. ಬಡಬಗ್ಗರ ಮನೆಯಲ್ಲಿ ಕಂಪ್ಯೂಟರ್ ಇಡಿಸುವ ಯೋಜನೆಗಳನ್ನು ನೋಡಿದಾಗಲೆಲ್ಲ ನನಗೆ ಈ ಮೂರನೆಯ ಕಣ್ಣು ನೆನಪಾಗುತ್ತದೆ. ಅದಕ್ಕೂ ಒಂದು ಸಾಲು, ಒಂದಿಷ್ಟು ದುಡ್ಡು ತೆಗೆದಿಡಬೇಕು.

ಜೋಡಿಸುವ ದಿನ ನಡುಮನೆಯ ಮೇಜು ಖಾಲಿಮಾಡಿದೆವು. ಅವ್ವ ಗೋಡೆಗೊರಗಿ ಕೂತು ಎಲೆಯಡಿಕೆ ತಟ್ಟೆ ಎಳೆದುಕೊಂಡಳು. ಮಗಳು ಮೊದಲು ಕಿಟಕಿಯ ಕಬ್ಬಿಣ ಮುಟ್ಟಿ ಮೈಯಲ್ಲಿದ್ದ ಸ್ಥಿರ ವಿದ್ಯುತ್ತು ಇಳಿಸಿಕೊಂಡಳು, ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟಳು. ಎಎಂ4 ಪ್ರೊಸೆಸರಿನ ಹೊಟ್ಟೆಯಲ್ಲಿ 1331 ಪಿನ್ನುಗಳಿವೆ, ಕೂದಲಿನಷ್ಟು ನಾಜೂಕು. ಸಾಕೆಟ್ಟಿನ ಪಕ್ಕದ ಸನ್ನೆಯನ್ನು ಎತ್ತಿ, ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಸರಿಹೊಂದಿಸಿ ಬಿಟ್ಟರೆ ಅದು ತನ್ನ ತೂಕಕ್ಕೇ ಇಳಿದು ಕೂರುತ್ತದೆ. ಒತ್ತಬಾರದು. ಇಳಿಯಲಿಲ್ಲವೆಂದರೆ ದಿಕ್ಕು ತಪ್ಪಿದೆ ಎಂದೇ ಅರ್ಥ. ಅವಳ ಬೆರಳು ನಡುಗುತ್ತಿತ್ತು, ನಾನು ಮಾತಾಡಲಿಲ್ಲ. ಕೂತಿತು. ಸನ್ನೆ ಇಳಿಸಿದಳು.

ರ‍್ಯಾಮಿಗೆ ಇದರ ವಿರುದ್ಧ ಸ್ವಭಾವ, ಅದನ್ನು ಧೈರ್ಯವಾಗಿ ಒತ್ತಬೇಕು. 16 ಜಿಬಿಯ ಒಂದೇ ತುಂಡಿನ ಬದಲು 8ರ ಎರಡು ತಂದಿದ್ದೆವು. 3200 ವೇಗದ ಡಿಡಿಆರ್4 ಒಂದು ತುಂಡು ಸೆಕೆಂಡಿಗೆ 25.6 ಜಿಬಿವರೆಗೆ ಸಾಗಿಸಬಲ್ಲದು. ಎರಡನ್ನು ಬೇರೆ ಬೇರೆ ದಾರಿಗೆ ಹಾಕಿದರೆ ಲೆಕ್ಕದಲ್ಲಿ ಅದರ ಎರಡರಷ್ಟು. ಚಿತ್ರ ತೋರಿಸುವ ಕೆಲಸವೂ ಇದೇ ರ‍್ಯಾಮಿನಿಂದ ನಡೆಯಬೇಕಾದ ಯಂತ್ರದಲ್ಲಿ ಇದು ಬಿಟ್ಟಿ ಸಿಕ್ಕ ಲಾಭ. ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ, ನಡುವಿನ ಕಚ್ಚು ನೋಡಿಕೊಂಡು, ಟಕ್ಕೆಂದು ಸದ್ದು ಬರುವವರೆಗೆ ಒತ್ತಿದಳು. ಅವ್ವ ತಟ್ಟೆಯಿಂದ ತಲೆ ಎತ್ತಿ, "ಮುರ್ದೀಯೆ ಮಗಾ" ಎಂದಳು.

"ಇಲ್ಲ ಅಜ್ಜಿ, ಇದಕ್ಕೆ ಹಿಂಗೇ ಒತ್ತಬೇಕು."

ಮುಂದಿನ ಸರದಿ ಡಿಸ್ಕಿನದು. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಎಸ್‌ಎಸ್‌ಡಿ ಕೂತಿತು. ಅದನ್ನು ಹಿಡಿಯುವ ಸ್ಕ್ರೂ ಮಾತ್ರ ರಾಗಿ ಕಾಳಿಗಿಂತ ಸ್ವಲ್ಪ ದೊಡ್ಡದು, ಬಿದ್ದರೆ ಹುಡುಕುವುದು ಕಷ್ಟ ಎಂದು ಕೆಳಗೆ ಬಿಳಿ ಪಂಚೆ ಹಾಸಿದ್ದೆವು. ಕೂಲರಿನ ತಳಕ್ಕೆ ಪೇಸ್ಟ್ ಕಂಪನಿಯವರೇ ಹಚ್ಚಿರುತ್ತಾರೆ. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದಳು.

ಆಮೇಲೆ ಬೋರ್ಡನ್ನು ಕ್ಯಾಬಿನೆಟ್ಟಿಗೆ ಇಳಿಸಿದ ಗಳಿಗೆ. ಒಂದು ಕಂಪನಿಯ ಬೋರ್ಡು, ಇನ್ನೊಂದು ಕಂಪನಿಯ ತಗಡು, ಎರಡೂ ಒಂದನ್ನೊಂದು ಎಂದೂ ಕಂಡದ್ದಲ್ಲ. ಬೋರ್ಡಿನ ತೂತುಗಳೆಲ್ಲ ತಗಡಿನ ಹಿತ್ತಾಳೆ ಗೂಟಗಳ ಮೇಲೆ ಕೂದಲೆಳೆ ತಪ್ಪದೆ ಬಂದು ನಿಂತವು. ನನಗೆ ಅಂದು ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ಇದು. ಈ ತೂತುಗಳ ಹಿಂದೆ ನಾಲ್ಕು ದಶಕದ ಕಥೆಯಿದೆ. ಫ್ಲಾರಿಡಾದ ಬೋಕಾ ರೇಟನ್‌ನಲ್ಲಿ ಡಾನ್ ಎಸ್ಟ್ರಿಜ್ ಮುಂದಾಳುತನದ ಸಣ್ಣ ತಂಡವೊಂದು ಐಬಿಎಂಗಾಗಿ ಕಂಪ್ಯೂಟರ್ ಮಾಡಲು ಹೊರಟಾಗ ಹೊತ್ತು ಕಡಿಮೆ ಇತ್ತು. ಎಲ್ಲವನ್ನೂ ತಾವೇ ತಯಾರಿಸುವ ಕಂಪನಿಯ ರೂಢಿ ಬಿಟ್ಟು ಅವರು ಮಾರುಕಟ್ಟೆಯ ಭಾಗಗಳನ್ನೇ ಕೊಂಡರು, ಪ್ರೊಸೆಸರ್ ಇಂಟೆಲ್‌ನಿಂದ, ಡಾಸ್ ಮೈಕ್ರೋಸಾಫ್ಟ್‌ನಿಂದ. 1981ರ ಆಗಸ್ಟ್ 12ರಂದು ಆ ಯಂತ್ರ ಹೊರಬಂತು. ಬೇರೆಯವರು ಕಾರ್ಡ್ ಮಾಡಿ ಸಿಕ್ಕಿಸಲೆಂದು ಒಳಗೆ ಐದು ಸ್ಲಾಟ್ ಇದ್ದವು. ತಾಂತ್ರಿಕ ಕೈಪಿಡಿಯಲ್ಲಿ ಸರ್ಕ್ಯೂಟಿನ ನಕ್ಷೆಯನ್ನೂ ಬಯಾಸ್‌ನ ಪೂರ್ತಿ ಸಾಲುಗಳನ್ನೂ ಅಚ್ಚು ಹಾಕಿ ಕೊಟ್ಟಿದ್ದರು. ಬಯಾಸ್ ಮೇಲೆ ಮಾತ್ರ ಅವರ ಹಕ್ಕು ಉಳಿದಿತ್ತು. ಕಾಂಪ್ಯಾಕ್ ಕಂಪನಿ ಅದನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ತನ್ನ ಬಯಾಸನ್ನು ಹೊಸದಾಗಿ ಬರೆಸಿತು. 1982ರ ಕೊನೆಗೆ ತನ್ನ ಯಂತ್ರವನ್ನು ಘೋಷಿಸಿತು. ಬಾಗಿಲು ತೆರೆದುಕೊಂಡಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ಮುಂದಿಟ್ಟಿತು: ಬೋರ್ಡ್ ಇಷ್ಟುದ್ದ, ತೂತು ಇಲ್ಲಿ, ಎಸ್‌ಎಂಪಿಎಸ್ ಪಿನ್ನು ಹೀಗೆ. ನಮ್ಮ ಬೋರ್ಡು ಅದರ ತಮ್ಮ, ಮೈಕ್ರೋ ಎಟಿಎಕ್ಸ್, ಅಗಲ ಹೆಚ್ಚೆಂದರೆ 244 ಮಿಲಿಮೀಟರ್.

ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಗಳ ಗಲ್ಲಿಗಳಲ್ಲಿ ತೆರೆದ ಕಂಪ್ಯೂಟರ್ ಸೆಂಟರುಗಳು, ಡಿಟಿಪಿ ಅಂಗಡಿಗಳು, ಲಗ್ನಪತ್ರಿಕೆ ಅಚ್ಚು ಹಾಕುವವರು ಬಳಸಿದ್ದು ಈ ಅಸೆಂಬಲ್ಡ್ ಯಂತ್ರಗಳನ್ನೇ. ಎಲ್ಲರಿಗೂ ಗೊತ್ತಿರುವ ಅಳತೆ ಒಂದಿದ್ದದ್ದರಿಂದಲೇ ಬಡ ಊರುಗಳಿಗೆ ಕಂಪ್ಯೂಟರ್ ಬಂತು ಎಂದು ನಾನು ನಂಬುತ್ತೇನೆ. ಭಾಗಗಳನ್ನು ಬೆಸುಗೆ ಹಾಕಿ, ಅಂಟು ಹಾಕಿ, ತಮ್ಮದೇ ಆಕಾರದ ಸ್ಕ್ರೂ ಹಾಕಿ ಮುಚ್ಚುವ ಈಗಿನ ರೂಢಿ ನನಗೆ ಬೇಸರ ತರಿಸುವುದು ಇದಕ್ಕೇ. ಮುಚ್ಚಿದ ಪ್ರತಿ ಪೆಟ್ಟಿಗೆಯೂ ರಿಪೇರಿ ಮಾಡಬಲ್ಲ ಒಬ್ಬ ಹುಡುಗನ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತದೆ.

ತಂತಿಗಳ ಕೆಲಸ ಬೇಗ ಮುಗಿಯಿತು. ಇಪ್ಪತ್ತನಾಲ್ಕು ಪಿನ್ನಿನ ದಪ್ಪ ತಂತಿ ಬೋರ್ಡಿಗೆ, ಎಂಟು ಪಿನ್ನಿನದು ಪ್ರೊಸೆಸರಿನ ಪಕ್ಕದ ಮೂಲೆಗೆ. ಮುಂಭಾಗದ ಸ್ವಿಚ್ಚಿನ ಸಣ್ಣ ಸಣ್ಣ ತಂತಿಗಳಿಗೆ ಮಾತ್ರ ಟಾರ್ಚ್ ಹಿಡಿಯಬೇಕಾಯಿತು. "ಇಷ್ಟೊಂದ್ ತಂತಿ, ಯಾವ್ದ್ ಎಲ್ಲಿಗೋಯ್ತದೆ ಅಂತ ಹೆಂಗ್ ನೆಪ್ಪಿಟ್ಕಂತೀಯ?" ಎಂದು ಅವ್ವ ಕೇಳಿದಳು. "ಒಂದೊಂದ್ರ ಬಾಯೂ ಒಂದೊಂದ್ ಥರ ಐತೆ ಅಜ್ಜಿ, ತಪ್ಪಿಸಿ ಹಾಕಕ್ಕೇ ಆಗಲ್ಲ" ಎಂದಳು ಮೊಮ್ಮಗಳು.

ಸ್ವಿಚ್ ಒತ್ತಿದ ಮೇಲೆ ಪ್ರೊಸೆಸರ್ ಕೂಡಲೇ ಏಳುವುದಿಲ್ಲ. ಎಸ್‌ಎಂಪಿಎಸ್ ತನ್ನ ವೋಲ್ಟೇಜುಗಳೆಲ್ಲ ನೆಲೆಗೆ ಬಂದಿವೆಯೇ ಎಂದು ನೋಡಿಕೊಂಡು, ಸೆಕೆಂಡಿನ ಸಣ್ಣ ಭಾಗದಷ್ಟು ತಡೆದು, ಪವರ್ ಗುಡ್ ಎಂಬ ಸಂಕೇತ ಕಳಿಸುತ್ತದೆ. ಆಮೇಲೆಯೇ ಮೊದಲ ಆಜ್ಞೆ ಓಡುವುದು. ನಮ್ಮದರಲ್ಲಿ ಫ್ಯಾನುಗಳು ತಿರುಗಿದವು, ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು, ರ‍್ಯಾಮನ್ನು ಮೊದಲ ಸಲ ಪರಿಚಯ ಮಾಡಿಕೊಳ್ಳುವಾಗ ಬೋರ್ಡಿಗೆ ಹೊತ್ತು ಬೇಕು. ಆಮೇಲೆ ಬಯಾಸ್ ಮುಖ ತೋರಿಸಿತು: 16 ಜಿಬಿ, ಪ್ರೊಸೆಸರಿನ ಹೆಸರು, ಬಿಸಿ ಎಷ್ಟು ಎಂಬ ಅಂಕಿ. ಮಗಳು ಅಲ್ಲೇ ರ‍್ಯಾಮಿನ ವೇಗವನ್ನು 3200ಕ್ಕೆ ಏರಿಸಿದಳು. ಹಾಗೆ ಹೇಳದಿದ್ದರೆ ಅದು ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ, ದುಡ್ಡು ಕೊಟ್ಟವರಿಗೆ ಗೊತ್ತೂ ಆಗುವುದಿಲ್ಲ.

ಆಪರೇಟಿಂಗ್ ಸಿಸ್ಟಮ್ಮಿಗೆ ಹಣವಿರಲಿಲ್ಲ, ಲೈಸೆನ್ಸ್ ಇಲ್ಲದ್ದನ್ನು ಹಾಕಿಸುವ ಮನಸ್ಸೂ ಇರಲಿಲ್ಲ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ ಹಾಕಿದೆವು. ಅದರ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಮೊದಲೇ ಇದೆ, ಕೆ.ಪಿ. ರಾವ್ ಅವರು ಕನ್ನಡಕ್ಕೆ ಹೊಂದಿಸಿಕೊಟ್ಟ ಕೀಲಿಮಣೆಯ ದಾರಿಯದು. ಪದದ ಸಾಲುಗಳನ್ನು ಅದರಲ್ಲೇ ಟೈಪ್ ಮಾಡುತ್ತಾಳೆ. ಧ್ವನಿಗೆ ಆಡಾಸಿಟಿ, 2000ದಲ್ಲಿ ಹೊರಬಂದ ಮುಕ್ತ ತಂತ್ರಾಂಶ. ಇಬ್ಬರು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು ಇವತ್ತು ತುಮಕೂರು ಸೀಮೆಯ ಸೋಬಾನೆಗೆ ಒದಗಿತು. ಯಾರೂ ಹಾಡದ, ಯಾರೂ ಮಾತಾಡದ ಕೋಣೆಯ ಸದ್ದನ್ನು ಕೆಲವು ಸೆಕೆಂಡು ಹಿಡಿದು ಅದಕ್ಕೆ ತೋರಿಸಿದರೆ, ಆ ಸದ್ದನ್ನು ಪೂರ್ತಿ ರೆಕಾರ್ಡಿಂಗಿನಿಂದ ತಗ್ಗಿಸುತ್ತದೆ. ಹೆಚ್ಚು ತಗ್ಗಿಸಿದರೆ ಅವ್ವನ ದನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಮಗಳು ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸುತ್ತಾಳೆ. ಕರುವಿನ ಕೂಗು ಕೆಲವು ಕಡೆ ಹಾಗೇ ಉಳಿದಿದೆ.

ಅವ್ವನಿಗೆ ತನ್ನ ದನಿ ಸ್ಪೀಕರಿನಲ್ಲಿ ಕೇಳಿಸಿದಾಗ ಅವಳು ಮೊದಲು ಹುಡುಕಿದ್ದು ತಪ್ಪನ್ನು. "ಅಲ್ಲಿ ಒಂದ್ ಸೊಲ್ಲು ಬಿಟ್ಟಿದೀನಿ, ತಿರಗ ಹಾಕು" ಎಂದು ಅದೇ ಪದವನ್ನು ಮತ್ತೆ ಪೂರ್ತಿ ಹೇಳಿದಳು. ಹಳೆಯದನ್ನು ಮಗಳು ಅಳಿಸಲಿಲ್ಲ. ಎರಡರಲ್ಲೂ ಬೇರೆ ಬೇರೆ ಸಾಲುಗಳಿವೆ, ಎರಡೂ ಬೇಕು.

2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ಹುಚ್ಚುಹುಚ್ಚಾಗಿ ಏರಿತು. ಎಐ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಸಗಟಾಗಿ ಎಳೆದುಕೊಳ್ಳುತ್ತಿವೆ. ನಮ್ಮಂಥವರಿಗೆ ಬಿಡಿಯಾಗಿ ರ‍್ಯಾಮ್ ಕೊಡುತ್ತಿದ್ದ ಕ್ರೂಷಿಯಲ್ ವ್ಯವಹಾರದಿಂದ ಹೊರಬರುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಹೇಳಿತು. ಇದು ಸಣ್ಣ ಸುದ್ದಿಯಲ್ಲ. ಮೊದಲ ಕಂಪ್ಯೂಟರಿಗೆಂದು ಮನೆಯವರನ್ನು ಒಪ್ಪಿಸಿ ದುಡ್ಡು ಕೂಡಿಸಿಕೊಂಡು ಬರುವ ಹುಡುಗ ಹುಡುಗಿಯರಿಗೆ ಪಟ್ಟಿಯ ಒಂದೇ ಸಾಲು ಇಡೀ ಲೆಕ್ಕ ಕೆಡಿಸುತ್ತದೆ. ಅವರಿಗೆ ನನ್ನ ಮಾತು ಇಷ್ಟು: ಈಗ 8 ಜಿಬಿಯ ಒಂದು ತುಂಡಿನಿಂದ ಶುರುಮಾಡಿ, ಸ್ಲಾಟ್ ಖಾಲಿ ಇಡಿ, ಬೆಲೆ ಇಳಿದ ದಿನ ಇನ್ನೊಂದು ಹಾಕಿ. ರ‍್ಯಾಮನ್ನು ಬೆಸುಗೆ ಹಾಕಿ ಮುಚ್ಚಿದ ಯಂತ್ರದಲ್ಲಿ ಹಾಗೆ ಮಾಡಲು ಬರುವುದಿಲ್ಲ. ನಮ್ಮ ಎರಡು ಖಾಲಿ ಸ್ಲಾಟುಗಳೂ ಸದ್ಯಕ್ಕೆ ಹಾಗೇ ಇರುತ್ತವೆ.

ಡಿಸ್ಕ್ ಮಾತ್ರ ಕಾಯುವಂತಿಲ್ಲ. ಪದಗಳೆಲ್ಲ ಒಂದೇ ಎಸ್‌ಎಸ್‌ಡಿಯಲ್ಲಿ ಇರುವುದು ಮಗಳಿಗೆ ಸಮಾಧಾನವಿಲ್ಲ. ಇನ್ನೊಂದು ಪ್ರತಿ ಮಾಡಿ ಗುಬ್ಬಿಯಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಇಡಬೇಕು ಎನ್ನುತ್ತಾಳೆ. ಒಂದು ಮನೆಗೆ ಸಿಡಿಲು ಬಡಿದರೆ ಇನ್ನೊಂದು ಕಡೆ ಇರಲಿ ಎಂಬ ಲೆಕ್ಕ. ಈ ನಡುವೆ ಅವ್ವ ತನ್ನ ತವರಿನ ಕಡೆಯ ಗೆಳತಿಯೊಬ್ಬರನ್ನು ರಾಗಿ ಒಕ್ಕಣೆ ಮುಗಿದ ಮೇಲೆ ಬಂದು ನಾಲ್ಕು ದಿನ ಇರಲು ಕರೆದಿದ್ದಾಳೆ. ಅವರಿಗೆ ಬೀಸುವ ಪದ ಬರುತ್ತದಂತೆ, ಇಡೀ ರಾತ್ರಿ ಹೇಳಿದರೂ ಮುಗಿಯದಷ್ಟು. ಮಗಳು ಮತ್ತೆ ಗುಣಾಕಾರ ಮಾಡಿ, 1 ಟಿಬಿ ಆದರೂ ಬೇಕು ಎಂದಳು. ಅದೇ ಅಂಗಡಿಯ ಹುಡುಗನಿಗೆ ಫೋನ್ ಮಾಡಿ ರೇಟು ಕೇಳಿದ್ದಾಯಿತು. ಶನಿವಾರ ಬೆಳಗಿನ ರೈಲಿಗೆ ಹೋಗಿ ತರುವುದು ಎಂದು ಮಾತಾಗಿದೆ, ಭಾನುವಾರ ಎಸ್‌ಪಿ ರೋಡಿನ ಅಂಗಡಿಗಳು ಮುಚ್ಚಿರುತ್ತವೆ.